ತಮ್ಮನ ನಿವೃತ್ತಿ

“ಅಣ್ಣನ ಬಗ್ಗೆ ತಮ್ಮ ಎರಡು ಮಾತಾಡ್ಲಿ,” ಎಂದು ಸಾಹೇಬರು ಪೋಸ್ಟ್‌ಮ್ಯಾನ್ ಕೈಗೆ ಮೈಕು ಕೊಟ್ಟರು. ಹೂಗುಚ್ಛ ಹಿಡಿದು ಕೂತಿದ್ದವನು ಅವನ ತಮ್ಮ. ಅವನೂ ಪೋಸ್ಟ್‌ಮ್ಯಾನೇ, ಇವತ್ತು ಅವನ ನಿವೃತ್ತಿ. ನಿಜಕ್ಕೂ ಎರಡು ವರ್ಷ ದೊಡ್ಡವನು ಮೈಕು ಹಿಡಿದ ಇವನೇ. ಕೆಲಸಕ್ಕೆ ಸೇರುವಾಗ ವಯಸ್ಸು ಮೀರಿತ್ತೆಂದು ಐದು ವರ್ಷ ಇಳಿಸಿ ಬರೆಸಿದ್ದ; ಹಾಗಾಗಿ ದಾಖಲೆಯಲ್ಲಿ ಇವನೇ ಚಿಕ್ಕವನು. ಅದು ಬಯಲಾದರೆ ಕೆಲಸವೂ ಇಲ್ಲ, ಪಿಂಚಣಿಯೂ ಇಲ್ಲ.

ನೋಯುವ ಮೊಣಕಾಲು ಹಿಡಿದು ಇವನು ಎದ್ದ. “ನಮ್ಮ… ನಮ್ಮಣ್ಣ ತುಂಬಾ ಒಳ್ಳೆಯವನು. ಚಿಕ್ಕವನಿದ್ದಾಗ ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಸ್ಕೂಲಿಗೆ ಬಿಡ್ತಿದ್ದ.” ಹೂಗುಚ್ಛ ಹಿಡಿದ ತಮ್ಮ ತಲೆ ತಗ್ಗಿಸಿದ.

ಸಾಹೇಬರಿಗೆ ಖುಷಿಯೋ ಖುಷಿ. “ಹಾಗಾದ್ರೆ ಅಣ್ಣನ ಬೀದಿಗಳನ್ನೂ ನೀನೇ ನೋಡ್ಕೊ. ಇನ್ನೂ ಮೂರು ವರ್ಷ ಇದೆಯಲ್ಲ, ಹುಡುಗ ಕಣಯ್ಯ ನೀನು!”

ಎಲ್ಲರೂ ಚಪ್ಪಾಳೆ ತಟ್ಟಿದರು. ತಮ್ಮ ಕಣ್ಣೆತ್ತದೆ ಬಂದು, ತನ್ನ ಟಪಾಲು ಚೀಲವನ್ನು ಇವನ ಹೆಗಲಿಗೆ ಹಾಕಿದ. ಸ್ಕೂಲಿಗೆ ಹೋಗುವಾಗ ತಾನು ಕೂರುತ್ತಿದ್ದ ಅದೇ ಹೆಗಲಿಗೆ.