ಎರಡು ಗಂಟೆ ಬಸ್ಸಿನ ಓದು

"ಎಲ್ಡು ಗಂಟೆ ಬಸ್ಸು ಸಿಕ್ಕೋ ಹಂಗೆ ಯಾವ್ದಾರ ಒಂದು ಓದು ಕೊಡಿ ಮೇಷ್ಟ್ರೆ," ಎಂದರು ಭದ್ರಮ್ಮ, ಸಂತೆಯಲ್ಲಿ ಸೊಪ್ಪಿನ ಕಟ್ಟು ಕೇಳುವ ಧಾಟಿಯಲ್ಲಿ.

ಮಾಗಡಿಯ ಆ ಡಿಗ್ರಿ ಕಾಲೇಜಿನಲ್ಲಿ ಅಡ್ಮಿಷನ್‌ಗೆ ಅಂದೇ ಕೊನೆಯ ದಿನ. ಯಾರು ಯಾವ ವಿಷಯ ತೆಗೆದುಕೊಳ್ಳಬೇಕೆಂದು ಸಲಹೆ ಕೊಡುವ ಮೇಜಿನ ಹಿಂದೆ ಇತಿಹಾಸದ ಮೇಷ್ಟ್ರು ಅನಂತರಾಜು ಕೂತಿದ್ದರು. ಹುಡುಗರ ಬಾಯಲ್ಲಿ ಅವರು 'ಬಸ್ ಮೇಷ್ಟ್ರು'. ಮಾರ್ಕ್ಸ್ ಕಾರ್ಡು ನೋಡುವ ಮೊದಲೇ "ಯಾವ ಬಸ್ಸಿಗೆ ಬರ್ತೀಯ?" ಎಂದು ಕೇಳುವುದು ಅವರ ಹಳೇ ಚಾಳಿ. ಈ ಅಜ್ಜಿ ಮಾತ್ರ ಕೇಳುವ ಮೊದಲೇ ಹೇಳಿಬಿಟ್ಟಿದ್ದರು.

"ನಂಗೆ ಕೆಮಿಸ್ಟ್ರಿ ಬೇಕು ಸಾರ್," ಎಂದಳು ಮೊಮ್ಮಗಳು ಕುಸುಮ. ಕುಣಿಗಲ್ಲಿನ ಚಿಕ್ಕಮ್ಮನ ಮನೆಯಲ್ಲಿದ್ದು ಪಿಯುಸಿ ಓದಿ, ಕೆಮಿಸ್ಟ್ರಿಯಲ್ಲಿ ತೊಂಬತ್ತಾರು ತೆಗೆದವಳು. ಆದರೆ ಲ್ಯಾಬು ಮುಗಿಯುವುದು ನಾಲ್ಕಕ್ಕೆ. ತಿಪ್ಪಸಂದ್ರದಾಚೆಯ ಅವರ ಹಳ್ಳಿಗೆ ಮಧ್ಯಾಹ್ನದ ಮೇಲಿರುವುದು ಎರಡು ಗಂಟೆಯದೊಂದೇ ಬಸ್ಸು.

"ಐದಕ್ಕೆ ಇನ್ನೊಂದೈತೆ ಸಾರ್," ಎಂದು ಕುಸುಮ ಸುಳ್ಳು ಹೇಳುವ ಧೈರ್ಯ ಮಾಡಿದಳು.

"ನಮ್ಮೂರಿಗೆ ಐದು ಗಂಟೆ ಬಸ್ಸಾ? ಅದು ನಿನ್ ಕನಸ್ನಾಗೆ ಬತ್ತದೆ," ಎಂದ ಭದ್ರಮ್ಮ ಮೇಷ್ಟ್ರ ಕಡೆ ತಿರುಗಿದರು. "ನೀವೇನು ಓದಿದ್ದು?"

"ಹಿಸ್ಟ್ರಿ."

"ಅದ್ಯಾಕೆ ಅದ್ನೇ ತಗಂಡ್ರಿ?"

ಈ ಪ್ರಶ್ನೆಗೆ ಅನಂತರಾಜು ಬಳಿ ಸಿದ್ಧ ಉತ್ತರವಿತ್ತು. 'ಕೆಂಪೇಗೌಡರ ಸೀಮೆಯವನು ನಾನು, ಇತಿಹಾಸ ರಕ್ತದಲ್ಲೇ ಬಂದಿದೆ' ಎಂದು ಎಷ್ಟೋ ವೇದಿಕೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದರು. ಕುಸುಮಳ ಮುಖ ನೋಡಿದ ಮೇಲೆ ಅದನ್ನು ಬಿಟ್ಟು ನಿಜವನ್ನೇ ಹೇಳಿದರು.

"ನಾನೂ ನಿಮ್ ಕಡೆಯೋನೇ ಅಜ್ಜಿ. ನಂಗೂ ಕೆಮಿಸ್ಟ್ರಿನೇ ಬೇಕಿತ್ತು. ಹಿಸ್ಟ್ರಿ ಆದ್ರೆ ಬೇಗ ಬುಡ್ತಿದ್ರು. ಆ ಎಲ್ಡು ಗಂಟೆ ಬಸ್ಸಿಗೋಸ್ಕರ ತಗಂಡೆ."

ಭದ್ರಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ನೋಡಮ್ಮಿ! ಬಸ್ಸಿಗೋಸ್ಕರ ತಗಂಡೋರು ಮೇಷ್ಟ್ರೇ ಆಗ್ಬುಟ್ಟವ್ರೆ! ಬರ್ಕಳಿ ಸ್ವಾಮಿ, ಹಿಸ್ಟ್ರಿ!"

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತಾಯಿತು ಮೇಷ್ಟ್ರ ಪಾಡು. ಕುಸುಮಳ ಕಣ್ಣಲ್ಲಿ ನೀರು ಬಂದೇಬಿಟ್ಟಿತು.

"ಪೂರ್ತಿ ಕೇಳಿ ಅಜ್ಜಿ. ಮೂರು ವರ್ಷ ಕಾದಿವ್ನಿ. ಆ ಬಸ್ಸು ಒಂದಿನಾನೂ ನಾಲ್ಕು ಗಂಟೆಗೆ ಮುಂಚೆ ಬರ್ಲಿಲ್ಲ. ಲ್ಯಾಬ್ ಹುಡುಗ್ರು ಕೈ ತೊಳ್ಕಂಡು, ಟೀ ಕುಡ್ಕಂಡು ಬಂದು ಅದೇ ಬಸ್ಸು ಹತ್ತೋರು. ಸೀಟೂ ಅವ್ರಿಗೇ ಸಿಕ್ಕೋದು."

"ಅದು ನಿಮ್ ಕಾಲ. ಈಗೆಲ್ಲ ಟೈಮಿಗೆ ಬುಡ್ತಾರೆ."

"ಊರಿಗೆ ಎಷ್ಟೊತ್ಗೆ ಬತ್ತದೆ?"

"ಸಂಜೆ ಆಯ್ತದೆ. ಅದು ರೋಡು ಸರಿ ಇಲ್ದೆ! ನಡಿಯಮ್ಮಿ, ಹೊತ್ತಾತು. ಹಿಸ್ಟ್ರಿ ಅಂತ ಬರ್ಕಳಿ ಮೇಷ್ಟ್ರೆ." ಭದ್ರಮ್ಮ ಮೊಮ್ಮಗಳ ರಟ್ಟೆ ಹಿಡಿದು ಎಳೆದುಕೊಂಡು ಹೋದರು.

ಅನಂತರಾಜು ಬರೆಯಲಿಲ್ಲ. ಅರ್ಜಿಯಲ್ಲಿ ವಿಷಯದ ಜಾಗ ಖಾಲಿ ಬಿಟ್ಟು ಗಡಿಯಾರ ನೋಡುತ್ತ ಕೂತರು. ಎರಡಾಯಿತು, ಮೂರಾಯಿತು. ಇನ್ನು ಸ್ವಲ್ಪ ಹೊತ್ತಿಗೆ ಆಫೀಸಿನವರು ಬಾಗಿಲು ಹಾಕುತ್ತಾರೆ, ಕೆಮಿಸ್ಟ್ರಿಯ ಕಥೆ ಅಲ್ಲಿಗೆ ಮುಗಿಯುತ್ತದೆ. ಓದುವಾಗ ಬಸ್ಸು ಬರಲಪ್ಪಾ ಎಂದು ಕಂಡ ದೇವರಿಗೆಲ್ಲ ಕೈ ಮುಗಿದಿದ್ದ ಮನುಷ್ಯ, ಬಸ್ಸು ಬಾರದಿರಲಿ ಎಂದು ಬೇಡಿಕೊಂಡದ್ದು ಅಂದೇ ಮೊದಲು. ನಾಲ್ಕಕ್ಕೆ ಎರಡನೇ ವರ್ಷದವರ ಲ್ಯಾಬು ಬಿಟ್ಟು ಬಿಳಿ ಕೋಟುಗಳು ಹರಟುತ್ತ ಗೇಟು ದಾಟಿದವು. ಅದಾಗಿ ಎಷ್ಟು ಹೊತ್ತಾದರೂ ಅಜ್ಜಿಯ ಸುಳಿವಿಲ್ಲ. ಮೇಷ್ಟ್ರು ನಿಟ್ಟುಸಿರು ಬಿಟ್ಟು ಪೆನ್ನಿನ ಕ್ಯಾಪು ತೆಗೆದರು.

ಅಷ್ಟರಲ್ಲಿ ಬಾಗಿಲಲ್ಲಿ ಭದ್ರಮ್ಮ ಏದುಸಿರು ಬಿಡುತ್ತ ನಿಂತಿದ್ದರು. ಒಬ್ಬರೇ.

"ಬರ್ಕಳಿ ಮೇಷ್ಟ್ರೆ. ಕೆಮಿಸ್ಟ್ರಿ."

"ಬಸ್ಸು ಬರ್ಲಿಲ್ವಾ ಅಜ್ಜಿ?"

"ಎಲ್ಲಿ ಬತ್ತದೆ ಅದರ ಮನೆ ಹಾಳಾಗ! ಬಿಳಿ ಕೋಟು ಹೈಕ್ಳು ಟೀ ಕುಡ್ಕಂಡು ಬಂದು ಆಗ್ಲೇ ನಮ್ ಮುಂದೆ ನಿಂತವೆ. ಸೀಟು ಹಿಡಿಯಾಕೆ ಅಮ್ಮಿನ ಅಲ್ಲೇ ಬುಟ್ಟು ಓಡ್ಬಂದಿವ್ನಿ." ಭದ್ರಮ್ಮ ಬಾಗಿಲಾಚೆ ಇಣುಕಿ ನೋಡಿ ಮೇಜು ಕುಟ್ಟಿದರು. "ಬಿರ್ರನೆ ಬರೀರಿ ಸ್ವಾಮಿ, ಇವತ್ತೊಂದಿನ ಏನಾರ ಬೇಗ ಬಂದ್ಬುಟ್ಟಾತು!"