ನುಚ್ಚಿನ ಬಿಯರು

ಅಡುಗೆಮನೆ ಮೂಲೆಯ ಡ್ರಮ್ಮಿನ ಮುಚ್ಚಳ ಎತ್ತಿದ ನರಸಯ್ಯ ಬೆಚ್ಚಿಬಿದ್ದ. ಒಳಗೆ ಬುಸುಬುಸು ನೊರೆ. ಮೂಗಿಗೆ ಹುಳಿ ವಾಸನೆ.

"ಏನಮ್ಮಿ ಇದು?"

"ಕಾಣಾಕಿಲ್ವಾ? ಬಿಯರು," ಅಂದಳು ಹೆಂಡತಿ ಚಿಕ್ಕಲಕ್ಷ್ಮಮ್ಮ, ಸೊಪ್ಪು ಬಿಡಿಸುತ್ತಲೇ. "ಕೆಂಪರಾಜು ಮಾಡ್ತಿದ್ನಲ್ಲ, ಅಂಗೇ ಹಾಕಿವ್ನಿ."

ನರಸಯ್ಯ ಮುಚ್ಚಳವನ್ನು ಮೆಲ್ಲಗೆ ಮತ್ತೆ ಮುಚ್ಚಿದ.

ಅಕ್ಕೂರಿನ ಆ ಮನೆಗೆ ಈ ವಾಸನೆ ಹೊಸದೇನಲ್ಲ. ಬಿಡದಿ ಕಡೆ ಫ್ಯಾಕ್ಟರಿಗಳು ಎದ್ದ ಕಾಲಕ್ಕೆ ಒಬ್ಬನೇ ಮಗ ಕೆಂಪರಾಜುವಿಗೆ ಬಿಯರಿನ ಹುಚ್ಚು ಹಿಡಿದಿತ್ತು. ಗಿರಣಿಯಲ್ಲಿ ಉಳಿದ ಅಕ್ಕಿನುಚ್ಚು, ಕಣದಲ್ಲೇ ಮಳೆಗೆ ಸಿಕ್ಕಿ ಮೊಳೆತ ರಾಗಿ, ದನಕ್ಕೆ ಹಾಕುವ ಇಂಥದ್ದರಲ್ಲೇ ಬಿಯರ್ ಮಾಡಿ ತೋರಿಸ್ತೀನಿ ಅನ್ನುತ್ತಿದ್ದ. ಕುದಿಸಲು, ಸೋಸಲು ತಾಯಿಯೇ ಜೊತೆ. ಕಸುಬು ಪೂರ್ತಿ ಕಲಿಯುತ್ತೇನೆಂದು ಕಡೆಗೆ ಪುಣೆಗೆ ಹೋದ.

ಹೋದವನು ಲಾರಿಗೆ ಸಿಕ್ಕಿ ತೀರಿಕೊಂಡ. ಆಗ ಚಿಕ್ಕಲಕ್ಷ್ಮಮ್ಮ ಹೃದಯದ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದಳು. ಕೆಟ್ಟ ಸುದ್ದಿ ಕಿವಿಗೆ ಬಿದ್ದರೆ ಜೀವಕ್ಕೇ ಅಪಾಯ ಅಂದಿದ್ದರು ಡಾಕ್ಟರು. ನರಸಯ್ಯ ಒಬ್ಬನೇ ಪುಣೆಗೆ ಹೋಗಿ ಮಗನನ್ನು ಅಲ್ಲೇ ಮಣ್ಣುಮಾಡಿ ಬಂದ. ಊರಲ್ಲಿ ಯಾರಿಗೂ ಬಾಯಿಬಿಡಲಿಲ್ಲ. ಹೆಂಡತಿಯ ಮಂಚದ ಕೆಳಗೆ ಚಾಪೆ ಹಾಸಿಕೊಂಡು, "ದಸರಾಕ್ಕೆ ಬತ್ತನಂತೆ ಕಣಮ್ಮಿ" ಎಂದು ಸುಳ್ಳು ಹೇಳಿದ.

ಈಗ ದಸರಾ ಬಾಗಿಲಿಗೆ ಬಂದಿತ್ತು. ಅಯ್ಯೋ ಶಿವನೇ, ಮಗ ಬರುತ್ತಾನೆಂದು ಇವಳು ಡ್ರಮ್ಮು ತುಂಬಿಸಿ ಕೂತಿದ್ದಾಳಲ್ಲ! ನಿಜ ಹೇಳಿದರೆ ಇವಳು ಉಳಿಯುವುದಿಲ್ಲ. ಹೇಳದಿದ್ದರೆ ಯಾರನ್ನು ತಂದು ಇವಳೆದುರು ನಿಲ್ಲಿಸುವುದು?

"ಒಸಿ ತತ್ತಾ, ರುಚಿ ನೋಡಾನ," ಅಂದ, ಮಾತು ಮರೆಸಲು.

"ಬ್ಯಾಡಿ. ಅವನಿಗಿಂತ ಮುಂಚೆ ಯಾರೂ ಬಾಯಿಗಿಡಂಗಿಲ್ಲ."

ಚನ್ನಪಟ್ಟಣಕ್ಕೆ ಹೊರಟರೆ ಹಿಂದಿನಿಂದ ಕೂಗಿದಳು. "ಅವನಿಗೊಂದು ನೀಲಿ ಶರ್ಟು ತಕ್ಕಬನ್ನಿ."

"ಅಳತೆ?"

"ಯಾವುದಾದ್ರೂ ಆಯ್ತದೆ."

ಅಂಗಡಿಯಲ್ಲಿ ಶರ್ಟು ಕೈಗೆ ಬಂದದ್ದೇ ತಡ, ನರಸಯ್ಯ ಅತ್ತುಬಿಟ್ಟ. ಅಂಗಡಿಯ ಮಾಲೀಕ ಮುಕ್ತಿಯಾರ್ "ಯಾಕೆ ಯಜಮಾನ್ರೇ?" ಎಂದು ಕೇಳಿದ. ನರಸಯ್ಯ ದುಡ್ಡು ಕೊಟ್ಟು, ಪೊಟ್ಟಣ ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದ.

ನವರಾತ್ರಿಗೆ ಮುಂಚಿನ ಅಮಾವಾಸ್ಯೆ ಬಂತು. ಹಿರಿಯರ ಹಬ್ಬ. ತೀರಿಕೊಂಡವರಿಗೆ ಹೊಸ ಬಟ್ಟೆಯಿಟ್ಟು, ಅವರಿಗೆ ಇಷ್ಟವಾದದ್ದನ್ನು ಎಂಜಲಾಗದಂತೆ ಎಡೆಯಿಡುವ ದಿನ. ಪೂಜೆ ಮುಗಿಯುತ್ತಲೇ ನಿಜ ಹೇಳಿಬಿಡುವುದು, ಆದದ್ದಾಗಲಿ ಎಂದು ನರಸಯ್ಯ ಮನಸ್ಸು ಗಟ್ಟಿಮಾಡಿಕೊಂಡು ಜಗಲಿಯಲ್ಲಿ ಕೂತಿದ್ದ.

"ಬನ್ನಿ, ಧೂಪ ಹಾಕಿ. ಹಿರೀಕ್ರು ಬಂದು ಉಣ್ಣಾಕೆ ಬಾಗಿಲು ಮುಂದಕ್ಕೆ ಮಾಡ್ಬೇಕು," ಎಂದು ಒಳಗಿನಿಂದ ಕರೆದಳು.

ನರಸಯ್ಯ ಒಳಗೆ ಹೋದ. ತನ್ನ ಅಪ್ಪನಿಗೆ ಒಂದು ಎಲೆ, ಅವ್ವನಿಗೆ ಒಂದು ಎಲೆ. ಪಕ್ಕದಲ್ಲಿ ಇನ್ನೊಂದು ಎಲೆ. ಅದರ ಮುಂದೆ ಮಡಿಸಿದ ನೀಲಿ ಶರ್ಟು, ನೊರೆ ತುಂಬಿದ ಲೋಟ.

"ಆಸ್ಪತ್ರೇಲಿ ನನ್ ಮಂಚದ ಕೆಳಗೆ ಮಲಗ್ಕಂಡು ಎಲ್ಲಾನೂ ಕನವರಿಸ್ಬುಟ್ರಿ," ಅಂದಳು ಚಿಕ್ಕಲಕ್ಷ್ಮಮ್ಮ. "ನಂಗೆ ಗೊತ್ತಾಗೈತೆ ಅಂತ ತಿಳಿದ್ರೆ ನಿಮ್ಮ ಎದೆ ಒಡದೋದೀತು ಅಂತ ಸುಮ್ಕಿದ್ದೆ."