ರಟ್ಟಿನ ಮೇಲಿನ ಎಣ್ಣೆ

ಗಾಡಿಯ ಕೆಳಗೆ ಹಾಸಿದ್ದ ರಟ್ಟಿನ ಮೇಲೆ ಮತ್ತೆ ಎಣ್ಣೆ ಬಿದ್ದಿತ್ತು. ಅಂಗೈ ಅಗಲದಷ್ಟು.

ತಮ್ಮ ಮಂಡಿಯೂರಿ ಕುಳಿತು ಅದರಲ್ಲಿ ಬೆರಳಾಡಿಸಿದ. ನಾತ ಮೂಗಿಗೆ ಬಡಿಯಿತು. ಗೇರ್ ಎಣ್ಣೆ ಎಂದರೆ ಹಾಗೇ, ಕೊಳೆತ ಮೊಟ್ಟೆಯ ವಾಸನೆ. ಮೂರು ಸಲ ಸೋಪು ಹಾಕಿ ತಿಕ್ಕಿದರೂ ಕೈ ಬಿಡುವುದಿಲ್ಲ.

"ಅಣ್ಣ, ಬಾ ಇಲ್ಲಿ. ಮತ್ತೆ ಸೋರಿದೆ."

ಅಣ್ಣ ಬಂದು ನೋಡಿದ.

ಗಾಡಿ ದನದ ಡಾಕ್ಟರಮ್ಮನದು. ದಾರಿಯೇ ಇಲ್ಲದ ಕಡೆಯೂ ಗುಡ್ಡ ಹತ್ತಿ ಕೊಟ್ಟಿಗೆ ಮುಟ್ಟುವ ಫೋರ್‌ವೀಲ್ ಗಾಡಿ. ಅದರ ಹಿಂದಿನ ಚಕ್ರಗಳ ನಡುವೆ ಕುಂಬಳಕಾಯಿಯ ಹಾಗೆ ತೂಗುವ ಡಿಫರೆನ್ಷಿಯಲ್, ಅದರ ಮೂತಿಯಲ್ಲೊಂದು ರಬ್ಬರ್ ಸೀಲ್. ಒಳಗಿನ ಎಣ್ಣೆ ಹೊರಗೆ ಬಾರದಂತೆ ತಡೆಯುವುದಷ್ಟೇ ಅದರ ಕೆಲಸ. ಹಳೆಯದು ಸವೆದಿತ್ತು, ಅಣ್ಣ ಹೊಸದು ಹಾಕಿದ. ವಾರಕ್ಕೇ ಸೋರಿತು. ಇನ್ನೊಂದು ಹಾಕಿದ. ಈಗ ಅದೂ ಸೋರಿತ್ತು. ಮೂವತ್ತು ವರ್ಷದಲ್ಲಿ ಅಣ್ಣನ ಕೈಯಿಂದ ಹೋದ ಗಾಡಿ ಅದೇ ಕೆಲಸಕ್ಕೆ ವಾಪಸು ಬಂದದ್ದಿರಲಿಲ್ಲ.

ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕುವವರು ಯಾರು? ಜ್ವರ ಬಿಟ್ಟ ಮೇಲೆ ದೊಡ್ಡವರ ಕೈ ನಡುಗುತ್ತದಂತೆ ಎಂಬ ಸುದ್ದಿ ರಸ್ತೆ ತುದಿಯ ಟೈರ್ ಅಂಗಡಿಯನ್ನೂ ಮುಟ್ಟಿತ್ತು. ಟೀ ಲೋಟ ಹಿಡಿದಾಗ ಅಣ್ಣನ ಕೈ ನಡುಗುತ್ತಿತ್ತು, ಸುಳ್ಳಲ್ಲ. ಸ್ಪ್ಯಾನರ್ ಹಿಡಿದಾಗ? ಅದನ್ನು ಹತ್ತಿರದಿಂದ ಕಂಡವನು ತಮ್ಮ ಒಬ್ಬನೇ. ಕೇಳಿದವರಿಗೆಲ್ಲ ಅವನು, "ವಯಸ್ಸಾಯ್ತಲ್ಲ, ಪಾಪ," ಎನ್ನುತ್ತಿದ್ದ.

ತಮ್ಮನಿಗೂ ನಲವತ್ತಾರು. ವರ್ಕ್‌ಶಾಪಿಗೆ ಮಾತ್ರ ಇನ್ನೂ 'ಚಿಕ್ಕವನು'. ಬಂದ ಗಿರಾಕಿ ಎಂಜಿನ್ ಆರಿಸುವ ಮೊದಲೇ, "ದೊಡ್ಡವರು ಇಲ್ವಾ?" ಎಂದು ಕೇಳಬೇಕು. ಇಲ್ಲವೆಂದರೆ ಗಾಡಿ ತಿರುಗಿಸಿಕೊಂಡು ಹೋಗಬೇಕು. ತಮ್ಮ ಹಗಲೆಲ್ಲ ಬೆನ್ನು ಮುರಿದು ಜೋಡಿಸಿದ ಎಂಜಿನ್ನಿಗೂ, "ದೊಡ್ಡವರ ಕೈಗುಣ!" ಎಂದೇ ಹೊಗಳಿಕೆ. ಬೀಗದ ಕೈ ಕೂಡ ಅಣ್ಣನ ಸೊಂಟದಲ್ಲೇ. ಒಂದೇ ತಾಯಿಯ ಮಕ್ಕಳು, ಹೇಳಿಕೊಳ್ಳುವುದಾದರೂ ಯಾರ ಹತ್ತಿರ?

"ಇನ್ನೊಂದ್ಸಲ ನೋಡ್ತೀನಿ," ಎಂದ ಅಣ್ಣ. "ಈ ಸಲವೂ ಸೋರಿದ್ರೆ ಸ್ಪ್ಯಾನರ್ ಕೆಳಗಿಡ್ತೀನಿ ಕಣೋ."

"ಅಯ್ಯೋ, ಹಾಗೆಲ್ಲ ಯಾಕಂತೀಯಾ? ನಾನಿಲ್ವಾ?" ಎಂದ ತಮ್ಮ.

ಅಣ್ಣ ಗಾಡಿಯ ಕೆಳಗೆ ಸರಿದ. ಶಾಫ್ಟ್ ಕಳಚಿದ. ನಟ್ಟು ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲಲಿ ಎಂದು ಗೀರು ಹಾಕಿಕೊಂಡ. ಸೀಲ್ ಎಬ್ಬಿಸಿ ತೆಗೆದು, ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಎಲ್ಲೂ ಹರಿದಿರಲಿಲ್ಲ. ಹೊಸದಕ್ಕೆ ಗ್ರೀಸ್ ಸವರಿ, ಪೈಪಿನ ತುಂಡಿಟ್ಟು ಸುತ್ತಲೂ ಮೆಲ್ಲಗೆ ತಟ್ಟಿ ಕೂರಿಸಿದ. ಕೆಲಸ ಮುಗಿದರೂ ಹೊರಗೆ ಬರಲಿಲ್ಲ. ಅಲ್ಲೇ ಅಂಗಾತ ಮಲಗಿದ್ದ, ಬಹಳ ಹೊತ್ತು.

ತಮ್ಮ ಬಗ್ಗಿ ನೋಡಿದ. "ಏನಣ್ಣ, ನಿದ್ದೆ ಬಂತಾ?"

"ಇಲ್ಲ ಕಣೋ. ಎಚ್ಚರ ಆಯ್ತು."

ಹೊರಗೆ ಬಂದು ಬಟ್ಟೆಗೆ ಕೈ ಒರೆಸಿಕೊಳ್ಳುತ್ತ ತಮ್ಮನ ಮುಖ ನೋಡಿದ. "ಕೆಲಸ ಚೆನ್ನಾಗೇ ಕಲಿಸಿದೀನಿ ನಿಂಗೆ," ಎಂದ.

ಸಂಜೆ ಇಬ್ಬರೂ ಗಾಡಿಯನ್ನು ಗುಡ್ಡ ಹತ್ತಿಸಿ ಇಳಿಸಿದರು. ಹೊಸ ರಟ್ಟು ಹಾಸಿ, ಅದರ ಮೇಲೆ ಗಾಡಿ ನಿಲ್ಲಿಸಿ ಮನೆಗೆ ಹೋದರು.

ಬೆಳಿಗ್ಗೆ ತಮ್ಮ ಬರುವಷ್ಟರಲ್ಲಿ ಬಾಗಿಲು ತೆರೆದಿತ್ತು. ಅಣ್ಣ ಒಗೆದ ಅಂಗಿ ತೊಟ್ಟು ಸ್ಟೂಲಿನ ಮೇಲೆ ಕುಳಿತಿದ್ದ. ರಟ್ಟಿನ ಮೇಲೆ ಎಣ್ಣೆ.

ತಮ್ಮ ಅದನ್ನು ಬೆರಳಿಗೆ ಹಚ್ಚಿ ಎತ್ತಿ ತೋರಿಸಿದ. ಮುಖಕ್ಕೆ ಸಂಕಟ ತಂದುಕೊಂಡ.

"ಸೋತೆ ಕಣೋ," ಎಂದ ಅಣ್ಣ. ಬೀಗದ ಕೈ ಗೊಂಚಲನ್ನು ಬಿಚ್ಚಿ ತಮ್ಮನ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಿಸಿದ. "ತಗೋ. ಕೇಳಿದ್ರೆ ಯಾವತ್ತೋ ಕೊಡ್ತಿದ್ದೆ."

ಸ್ಪ್ಯಾನರ್ ಪೆಟ್ಟಿಗೆಯನ್ನು ಮುಟ್ಟಲೂ ಇಲ್ಲ, ಹಿಂದಿರುಗಿ ನೋಡಲೂ ಇಲ್ಲ. ಹೊರಟೇಹೋದ. ಕಲ್ಲಿನಂಥವರಿಗೂ ಕರುಳು ಚುರುಕ್ ಎನ್ನಬೇಕು. ತಮ್ಮನಿಗೆ ಹಸಿವಾಯಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ, "ರೀ, ಕೈಗೆ ಸೋಪು ಹಾಕಿದ್ರಾ?" ಎಂದಳು.

"ಮರೆತೇಬಿಟ್ಟೆ."

ಅವಳು ಅವನ ಕೈ ಹಿಡಿದು ಮೂಸಿದಳು. "ಅರೆ, ಇವತ್ತು ನಾತಾನೇ ಇಲ್ವಲ್ಲ!"

"ಇವತ್ತು ಒಳ್ಳೇ ದಿನ ಕಣೇ," ಎಂದು ಅವನು ಬೀಗದ ಕೈ ಗೊಂಚಲನ್ನು ಝಣಝಣ ಅಲ್ಲಾಡಿಸಿದ.

ಊಟ ಮುಗಿಸಿ ಡಾಕ್ಟರಮ್ಮನಿಗೆ ಫೋನ್ ಮಾಡಿದ. "ಸಂಜೆ ಬನ್ನಿ ಮೇಡಂ. ಅಣ್ಣನ ಕೈಲಿ ಆಗಲಿಲ್ಲ. ನಾನೇ ಸರಿ ಮಾಡಿರ್ತೀನಿ." ವರ್ಕ್‌ಶಾಪಿನ ಶಟರ್ ಅರ್ಧ ಎಳೆದು, ತೆಳ್ಳನೆಯ ಸ್ಕ್ರೂಡ್ರೈವರ್ ಹಿಡಿದು ಗಾಡಿಯ ಕೆಳಗೆ ನುಸುಳಿದ. ಸೀಲಿನ ಕಡೆ ನೋಡಲೇ ಇಲ್ಲ. ನೇರ ಡಿಫರೆನ್ಷಿಯಲ್ಲಿನ ನೆತ್ತಿಗೆ ಕೈ ಹಾಕಿದ.

ಅಲ್ಲೊಂದು ಬ್ರೀದರ್ ಇರುತ್ತದೆ, ಕಿರುಬೆರಳಷ್ಟು ನಳಿಗೆ. ಗಾಡಿ ಓಡಿ ಕಾದಾಗ ಒಳಗಿನ ಗಾಳಿ ಹೋಗುವುದು ಅದರಿಂದ. ಅದನ್ನು ಮುಚ್ಚಿಬಿಟ್ಟರೆ ಎಂಥ ಹೊಸ ಸೀಲ್ ಇದ್ದರೂ ಗಾಳಿ ಎಣ್ಣೆಯನ್ನು ಹೊರಗೆ ನೂಕುತ್ತದೆ. ಹಾಗೆಂದು ಕಲಿಸಿದವನು ಅಣ್ಣನೇ. ಮೊದಲ ದಿನ ಅಣ್ಣ ಅದನ್ನು ಊದಿ ನೋಡಿದ್ದ. ಇನ್ನು ನೋಡುವುದಿಲ್ಲ ಎಂದು ಖಾತ್ರಿಯಾದ ಮೇಲೆ, ತಮ್ಮ ಅದಕ್ಕೆ ಕರಿ ಅಂಟು ತುರುಕಿದ್ದ. ಈಗ ಕುಕ್ಕಿ ತೆಗೆದರಾಯಿತು, ಚಿಕ್ಕವನ ಕೈಗುಣವನ್ನೂ ಊರು ನೋಡುತ್ತದೆ.

ಸ್ಕ್ರೂಡ್ರೈವರ್ ಸಲೀಸಾಗಿ ಒಳಗಿಳಿಯಿತು. ಅಂಟು ಇರಲಿಲ್ಲ. ನಳಿಗೆ ತೊಳೆದಿಟ್ಟ ಹಾಗೆ ಚೊಕ್ಕವಾಗಿತ್ತು.

ಸೀಲ್ ಮುಟ್ಟಿದ. ಒಣಗಿತ್ತು. ತೆವಳಿ ಹೊರಗೆ ಬಂದು ರಟ್ಟನ್ನು ಎಳೆದು ಮೂಗಿಗೆ ಹಿಡಿದ. ನಾತವಿಲ್ಲ. ಅದು ಗೇರ್ ಎಣ್ಣೆಯೇ ಅಲ್ಲ, ಗೋಡೆಯ ಗೂಡಿನಲ್ಲಿದ್ದ ಕ್ಯಾನಿನ ಎಂಜಿನ್ ಎಣ್ಣೆ.

ಸೋರದ ಗಾಡಿಯ ಕೆಳಗೆ ತನ್ನ ಕೈಯಾರೆ ಎಣ್ಣೆ ಸುರಿದು, ಅಣ್ಣ ಬೀಗದ ಕೈ ಕೊಟ್ಟು ಹೋಗಿದ್ದ.